ನುಡಿನಮನಕ್ಕೆ ಅಡ್ಡ ಮಲಗಿದ ಹಲ್ಲು

ಮೈಕ್ ಕೈಗೆ ಸಿಕ್ಕರೆ ನನ್ನನ್ನು ತಡೆಯುವವರು ಜಾವಗಲ್ಲಿನಲ್ಲಿ ಇನ್ನೂ ಹುಟ್ಟಿಲ್ಲ! ಗೃಹಪ್ರವೇಶ, ನಿವೃತ್ತಿ, ಸೊಸೈಟಿಯ ವಾರ್ಷಿಕ ಸಭೆ, ಎಲ್ಲ ಕಡೆ ಮಾತಾಡಿ ಗೆದ್ದವನು ನಾನು. ಗೆಳೆಯ ಇಂದುಧರ ತೀರಿಕೊಂಡಾಗ ಅವನ ಶಿವಗಣಾರಾಧನೆಯಲ್ಲಿ ಮಾತಾಡುವವನೂ ನಾನೇ ಎಂದು ತೀರ್ಮಾನಿಸಿದೆ. ಕೊಬ್ಬರಿ ವ್ಯಾಪಾರಿಯಾಗಿದ್ದ ಅವನು ಆಸ್ಪತ್ರೆಯ ಮಂಚದಲ್ಲಿ ಹೆಂಡತಿಗಾಗಿ ನನ್ನನ್ನು ಕೇಳಿದ್ದು ಒಂದೇ. "ನಾನು ಹೋದ್ಮೇಲೆ ಸುಮಿತ್ರ ಅಳ್ತಾ ಕೂತಿರ್ತಾಳೆ. ಒಂದ್ಸಲ ಅವಳನ್ನ ನಗ್ಸು ಕಣ್ಲಾ." ನಗಿಸದೆ ಬಿಡೆನೆಂದು ಮಾತು ಕೊಟ್ಟಿದ್ದೆ.

ಅಡ್ಡ ಬಂದದ್ದು ಹಲ್ಲು. ಅರಸೀಕೆರೆಯ ದಂತವೈದ್ಯೆ ಎಕ್ಸ್‌ರೇ ತೋರಿಸಿದ್ದರು. "ಬುದ್ಧಿ ಹಲ್ಲು ಒಸಡಿನೊಳಗೇ ಅಡ್ಡ ಮಲಗಿದೆ ಸರ್. ಪಕ್ಕದ ಹಲ್ಲನ್ನ ಒತ್ತುತ್ತಿದೆ. ತೆಗೆಸಿಬಿಡಿ. ಸೋಂಕಾದರೆ ಬಾಯಿ ತೆರೆಯೋದೇ ಕಷ್ಟ."

"ಮಲಗಿದ್ದನ್ನ ಯಾಕೆ ಎಬ್ಬಿಸೋದು? ಆರಾಧನೆ ಮುಗೀಲಿ" ಎಂದೆ ಮನೆಯಲ್ಲಿ.

"ನಿಮ್ಮ ಬುದ್ಧಿ ಮಲಗಿರೋದು ನಂಗೆ ಮದುವೆಯಾದಾಗಿಂದ ಗೊತ್ತು" ಎಂದಳು ಹೆಂಡತಿ ಶಿಲ್ಪಾ. "ಅವತ್ತು ಗಟ್ಟಿ ಏನೂ ಕಚ್ಚಬೇಡಿ, ಅಷ್ಟೇ."

ಆರಾಧನೆಯ ದಿನ ಕೆನ್ನೆ ಬನ್ನಿನಂತೆ ಊದಿತ್ತು. ಬಾಯಿಗೆ ಒಂದು ಬೆರಳು ಹೋಗುವಷ್ಟೇ ಜಾಗ. ಲವಂಗ ಒತ್ತಿಕೊಂಡು, ಭಾಷಣದ ಮೊದಲ ಸಾಲನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಪಂಕ್ತಿಯಲ್ಲಿ ಕೂತೆ. ಎದುರಿಗೆ ಹಾರ ಹಾಕಿದ ಅವನ ಫೋಟೊ. ನೋಡಲಾಗದೆ ಎಲೆಯ ಕಡೆ ತಿರುಗಿದರೆ ಅಲ್ಲಿ ಕೊಬ್ಬರಿ ಚೂರು, ಬೆಲ್ಲ! ಅವನಿಗೆ ಇಷ್ಟವೆಂದು ಎಡೆಗಿಟ್ಟದ್ದನ್ನು ಸುಮಿತ್ರಮ್ಮನೇ ಒಡೆದು ಬಡಿಸುತ್ತಿದ್ದರು.

"ಬೇಡ ಅನ್ರೀ" ಎಂದು ಶಿಲ್ಪಾ ಪಿಸುಗುಟ್ಟಿದಳು.

"ಪ್ರಸಾದ ಕಣೇ. ಎಲೇಲಿ ಬಿಡಂಗಿಲ್ಲ."

"ಜೇಬಿಗೆ ಹಾಕ್ಕೊಳ್ಳಿ."

ಸುಮಿತ್ರಮ್ಮ ನನ್ನನ್ನೇ ನೋಡುತ್ತ ನಿಂತಿದ್ದರು. ಕಚ್ಚಿದೆ.

ದವಡೆಗೆ ಸಿಡಿಲು ಬಡಿಯಿತು. ನೋವು ಕಿವಿಗೆ ಹೋಗಿ, ನೆತ್ತಿಗೇರಿ, ವಾಪಸ್ಸು ಬರುವಷ್ಟರಲ್ಲಿ ಬಾಯಿಗೆ ಬೀಗ. ಕೈ ತೊಳೆಯುತ್ತಿದ್ದಂತೆ ಮೈಕಿನಲ್ಲಿ ನನ್ನ ಹೆಸರು ಕೂಗಿದರು.

ವೇದಿಕೆ ಹತ್ತಿ ನಿಂತೆ. ಗೆಳೆಯನ ಹೆಸರು ಹೇಳಲು ಹೊರಟರೆ, ಎಮ್ಮೆ ಕರುವನ್ನು ಕರೆದಂತಾಯಿತು. ಇನ್ನೊಮ್ಮೆ ಯತ್ನಿಸಿದೆ. ಕರು ಇನ್ನಷ್ಟು ದೂರ ಹೋದಂತಾಯಿತು. ಕಣ್ಣಲ್ಲಿ ನೀರು ಸುರಿಯಿತು. ಹಲ್ಲಿಗೋ ಅವನಿಗೋ, ನನಗೇ ತಿಳಿಯಲಿಲ್ಲ.

"ಪಾಪ, ದುಃಖಕ್ಕೆ ಮಾತೇ ಹೊರಡ್ತಿಲ್ಲ" ಎಂದರು ಯಾರೋ.

ಕೊಟ್ಟ ಮಾತು ಉಳಿಸಿಕೊಳ್ಳಲಾಗದೆ ಕೆಳಗಿಳಿದೆ. ಅಷ್ಟರಲ್ಲಿ ಶಿಲ್ಪಾ ಹಲ್ಲಿನ ಕಥೆಯನ್ನೆಲ್ಲ ಸುಮಿತ್ರಮ್ಮನಿಗೆ ಒಪ್ಪಿಸಿಬಿಟ್ಟಿದ್ದಳು. ಅವರು ಹತ್ತಿರ ಬಂದು ನನ್ನ ಕೆನ್ನೆ ನೋಡಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಭುಜ ಕುಲುಕತೊಡಗಿತು. ಅಳಿಸಿಬಿಟ್ಟೆನಲ್ಲ ಎಂದು ಕುಸಿದೆ. ಸೆರಗು ಸರಿಸಿದಾಗ ಅವರು ನಗುತ್ತಿದ್ದರು.

"ನಿಮ್ಮ ಭಾಷಣ ನಿಲ್ಸೋದು ಯಾರ ಕೈಲೂ ಆಗಲ್ಲ ಅಂತಿದ್ರು ಅವರು" ಎಂದು ಕಣ್ಣೊರೆಸಿಕೊಂಡರು. "ನೋಡಿ ಅಣ್ಣ, ಹೋದ ಮೇಲೆ ಒಂದು ಚೂರು ಕೊಬ್ಬರೀಲಿ ನಿಲ್ಸಿದ್ರು."