ಗ್ಯಾರೇಜಿನಲ್ಲಿ ಬೆವೆತ ಸಂಖ್ಯೆಗೆ

ಇವರಿಗೆ,
ಕೋಟಿಗೂ ಮಿಕ್ಕ ಅಂಕಿಗಳ ಒಡೆಯರಾದ ಮಹಾಸಂಖ್ಯೆಯವರು,
ಸಂಖ್ಯಾರೇಖೆಯ ಬಲಗಡೆ, ಬಹಳ ದೂರ.

ಮಾನ್ಯರೇ,

ತಾವು ಲೋಕ ಹುಟ್ಟುವ ಮೊದಲೂ ಇದ್ದವರು, ಮುಗಿದ ಮೇಲೂ ಇರುವವರು. ಅಂಥವರನ್ನು ಕ್ಷೇಮವೇ ಎಂದು ಕೇಳುವುದು ಅಧಿಕಪ್ರಸಂಗವೆಂದು ಗೊತ್ತಿದ್ದರೂ ಪತ್ರದ ಮರ್ಯಾದೆಗೆ ಕೇಳುತ್ತಿದ್ದೇನೆ. ಉತ್ತರ ಮಿನೆಸೋಟಾದ ನಮ್ಮ ಊರಿನಲ್ಲಿ ಸರೋವರದ ಮೇಲಿನ ಮಂಜುಗಡ್ಡೆ ಇನ್ನೂ ಕರಗಿಲ್ಲ. ಅದೊಂದನ್ನು ಬಿಟ್ಟರೆ ನಾವೂ ಕ್ಷೇಮ. ತಮ್ಮ ಪೂರ್ಣ ನಾಮಧೇಯವನ್ನು ಲಕೋಟೆಯ ಮೇಲೆ ಬರೆಯದಿದ್ದುದಕ್ಕೆ ಕ್ಷಮೆಯಿರಲಿ. ಬರೆದಿದ್ದರೆ ವಿಳಾಸಕ್ಕೇ ಸಾವಿರಾರು ಹಾಳೆ ಬೇಕಾಗುತ್ತಿತ್ತು, ಮತ್ತು ನಮ್ಮ ಅಂಚೆಯವನ ಬೆನ್ನು ಮೊದಲೇ ಸರಿಯಿಲ್ಲ.

ನಾನು ಸಿಗ್ರಿಡ್ ಹೌಗನ್, ಇಲ್ಲಿಯ ಶಾಲೆಯ ಗ್ರಂಥಾಲಯ ನೋಡಿಕೊಳ್ಳುವವಳು. ನನ್ನ ಗಂಡ ವೆಂಡೆಲ್ ತಮಗೆ ಪರಿಚಿತನೇ. ಏಳು ವರ್ಷದ ಹಿಂದೆ ತಾವು ಒಂದು ಚಳಿಗಾಲದ ಮಟ್ಟಿಗೆ ನಮ್ಮ ಗ್ಯಾರೇಜಿನಲ್ಲಿ ತಂಗಿದ್ದಾಗ, ಉಣ್ಣೆಯ ಟೊಪ್ಪಿ ಹಾಕಿಕೊಂಡು ಬೆಳಿಗ್ಗೆ ಬೆಳಿಗ್ಗೆ ತಮ್ಮ ಯೋಗಕ್ಷೇಮ ವಿಚಾರಿಸಲು ಬರುತ್ತಿದ್ದ ಉದ್ದನೆಯ ಮನುಷ್ಯ ಅವನೇ. ಊರಿನವರ ಮನೆಗಳ ಹೀಟರ್ ರಿಪೇರಿ ಮಾಡುವುದು ಅವನ ವೃತ್ತಿ. ತಮ್ಮಂಥವರನ್ನು ಹುಡುಕುವುದು ಅವನ ಹವ್ಯಾಸ.

ಈ ಪತ್ರವನ್ನು ಬೇರೆಯವರೂ ಓದಬಹುದಾದ್ದರಿಂದ ಹವ್ಯಾಸದ ಬಗ್ಗೆ ಒಂದು ಮಾತು ಹೇಳುತ್ತೇನೆ, ತಾವು ಬೇಸರಿಸಬಾರದು. ಎರಡನ್ನು ಎರಡರಿಂದಲೇ ಕೋಟ್ಯಂತರ ಸಲ ಗುಣಿಸುತ್ತ ಹೋಗಿ ಕೊನೆಗೆ ಒಂದನ್ನು ಕಳೆದರೆ, ಎಲ್ಲೋ ಅಪರೂಪಕ್ಕೆ, ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆಯೊಂದು ಸಿಗುತ್ತದೆ. ಆ ಆಸೆಯಿಂದ ಮನೆಯ ಕಂಪ್ಯೂಟರನ್ನು ಹಗಲೂ ರಾತ್ರಿ ಓಡಿಸುವ ಬಳಗವೊಂದು ಲೋಕದ ತುಂಬ ಹರಡಿಕೊಂಡಿದೆ. ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಹಂಚಿಕೆಯಾಗುತ್ತದೆ. ವಾರಗಟ್ಟಲೆ ಲೆಕ್ಕ ನಡೆದು ಕೊನೆಗೆ ಒಂದು ಶೇಷ ಉಳಿಯುತ್ತದೆ. ಶಾಲೆಯ ಭಾಗಾಕಾರಕ್ಕೆ ಇದು ತಿರುಗುಮುರುಗು: ಆ ಶೇಷ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ, ಮನೆಯಲ್ಲಿ ಹಬ್ಬ. ಸೊನ್ನೆಯಲ್ಲದಿದ್ದರೆ ಸಂಖ್ಯೆ ಮಾಮೂಲಿ, ಊಟವೂ ಮಾಮೂಲಿ. ಮದುವೆಯಾದಂದಿನಿಂದ ನಮ್ಮ ಮನೆಯಲ್ಲಿ ಮಾಮೂಲಿ ಊಟವೇ ನಡೆದಿದೆ.

ನಮ್ಮ ಪಕ್ಕದ ಮನೆಯ ಅರ್ವಿಡ್ ಈ ವಿಷಯದಲ್ಲಿ ವೆಂಡೆಲ್‌ನನ್ನು ಕೆಣಕುವುದಕ್ಕೆಂದೇ ಕಾಫಿಗೆ ಬರುತ್ತಾನೆ. "ಸಿಕ್ತು ಅಂತಾನೇ ಇಟ್ಕೋ, ಏನ್ ಮಾಡ್ತೀಯಾ ಅದನ್ನ? ಹುರಿದು ತಿನ್ನೋಕಾಗುತ್ತಾ?" ಎಂದು ಅವನು ಕೇಳಿದರೆ ವೆಂಡೆಲ್, "ನೀನು ಮಂಜಲ್ಲಿ ತೂತು ಕೊರ್ಕೊಂಡು ದಿನಾ ಕೂತಿರ್ತೀಯಲ್ಲ, ಸಿಕ್ಕಿದ್ ಮೀನನ್ನ ಏನ್ ಮಾಡ್ತೀಯಾ?" ಎನ್ನುತ್ತಾನೆ. "ಚಿಕ್ಕದಾದ್ರೆ ವಾಪಸ್ ಬಿಡ್ತೀನಿ." "ನಾನೂ ಅಷ್ಟೇ, ಚಿಕ್ಕವನ್ನೆಲ್ಲ ಬಿಟ್ಟುಬಿಟ್ಟಿದೀನಿ."

ಈಗ ಗ್ಯಾರೇಜಿನ ವಿಷಯಕ್ಕೆ ಬರುತ್ತೇನೆ. ಕಂಪ್ಯೂಟರನ್ನು ತಯಾರಕರು ಹೇಳಿದ್ದಕ್ಕಿಂತ ಜೋರಾಗಿ ಓಡಿಸಿದರೆ ಅದು ಕಾಯುತ್ತದೆ, ಕಾದರೆ ಲೆಕ್ಕ ತಪ್ಪುತ್ತದೆ. ಇದು ಬಳಗದವರಿಗೆಲ್ಲ ಗೊತ್ತು. ಆದರೆ ಉಸಿರು ಮೀಸೆಯ ಮೇಲೇ ಹೆಪ್ಪುಗಟ್ಟುವ ಊರಿನಲ್ಲಿ ಕಾವಿಗೆ ಯಾರು ಹೆದರುತ್ತಾರೆ? ಆ ವರ್ಷ ಹೊಸವರ್ಷದ ಮರುದಿನವೇ ವೆಂಡೆಲ್ ಕಂಪ್ಯೂಟರನ್ನು ಗ್ಯಾರೇಜಿಗೆ ಹೊತ್ತುಕೊಂಡು ಹೋಗಿ, ಹಿಮ ತಳ್ಳುವ ಯಂತ್ರದ ಪಕ್ಕ ಇಟ್ಟು, ವೇಗವನ್ನು ಏರಿಸಿ, ಕೈ ಉಜ್ಜಿಕೊಂಡ. "ಇಡೀ ಊರು ಚಳಿನ ಬೈತಾ ಕೂತಿದೆ. ಅದನ್ನ ದುಡಿಸ್ಕೊಳ್ಳೋ ಬುದ್ಧಿ ಯಾರಿಗಾದ್ರೂ ಬಂತಾ?" ಎಂದ. ಬಂದಿರಲಿಲ್ಲ. ಒಂದೇ ಯಂತ್ರದಲ್ಲಿ ನಾಲ್ಕು ಸಂಖ್ಯೆಗಳ ಲೆಕ್ಕ ಅಕ್ಕಪಕ್ಕ ನಡೆಯುತ್ತಿತ್ತು. ತಾವು ಆ ನಾಲ್ವರಲ್ಲಿ ಒಬ್ಬರು. ವಸಂತದ ಹೊತ್ತಿಗೆ ನಾಲ್ವರದೂ ಫಲಿತಾಂಶ ಬಂತು. ಯಾರದೂ ಸೊನ್ನೆಯಲ್ಲ. ವೆಂಡೆಲ್ ತಮ್ಮನ್ನು ಮರೆತ, ನಾನಂತೂ ತಮ್ಮ ಹೆಸರನ್ನೇ ಕೇಳಿರಲಿಲ್ಲ.

ಆದರೆ ಬಳಗದಲ್ಲಿ ಒಂದು ಕಟ್ಟಳೆಯಿದೆ. ಒಬ್ಬರ ಮಾತನ್ನು ಅಲ್ಲಿ ಯಾರೂ ನಂಬುವುದಿಲ್ಲ. ಅದೇ ಲೆಕ್ಕವನ್ನು ಇನ್ನೊಬ್ಬರು ಇನ್ನೊಂದು ಯಂತ್ರದಲ್ಲಿ ಮೊದಲಿನಿಂದ ಮಾಡಬೇಕು, ಎರಡು ಶೇಷಗಳೂ ಅಕ್ಷರಶಃ ಹೊಂದಬೇಕು. ತನ್ನ ಲೆಕ್ಕವನ್ನು ತಾನೇ ಪರೀಕ್ಷಿಸಿಕೊಳ್ಳುವಂತಿಲ್ಲ. ಈ ಮರುಪರೀಕ್ಷೆಯ ಕೆಲಸ ಯಾರಿಗೂ ಬೇಡ, ಆದ್ದರಿಂದ ಅದು ವರ್ಷಗಟ್ಟಲೆ ಹಿಂದೆ ಬಿದ್ದಿರುತ್ತದೆ. "ಇನ್ನೊಬ್ರು ಗೀಚಿ ಬಿಸಾಕಿದ ಲಾಟರಿ ಟಿಕೆಟ್‌ನ ಮತ್ತೆ ಗೀಚೋದು," ಎಂದು ವೆಂಡೆಲ್ ಅದನ್ನು ಕರೆಯುತ್ತಾನೆ. ನನಗೆ ಮಾತ್ರ ಆ ಕೆಲಸವೇ ಹಿಡಿಸಿತು. ಒಲೆ ಆರಿಸಿದ್ದೇನೆಯೇ ಎಂದು ಕಾರಿನಿಂದ ಇಳಿದು ಮತ್ತೆ ನೋಡಿ ಬರುವ ಜಾತಿ ನನ್ನದು. ಅಡುಗೆಮನೆಯ ಮೂಲೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ, ಯಾವ ಆತುರವೂ ಇಲ್ಲದೆ, ಕಂಡರಿಯದವರ ಲೆಕ್ಕಗಳನ್ನು ಸರಿ ಸರಿ ಎಂದು ಒಪ್ಪುತ್ತ ಬಂದೆ. ಅದರಲ್ಲಿ ಒಂದು ಬಗೆಯ ನೆಮ್ಮದಿಯಿತ್ತು ಎಂದು ಹೇಳಿದರೆ ತಾವು ನಗಬಾರದು.

ಹೀಗಿರಲಾಗಿ, ಕಳೆದ ಶರತ್ಕಾಲದಲ್ಲಿ ಬಳಗದ ಹಂಚಿಕೆಯ ಯಂತ್ರ ತಮ್ಮನ್ನು ನನ್ನ ಅಡುಗೆಮನೆಗೆ ಕಳಿಸಿತು. ಲೆಕ್ಕ ಮುಗಿಯಿತು, ನನ್ನ ಶೇಷವೂ ಸೊನ್ನೆಯಲ್ಲ. ಆದರೆ ಮೊದಲ ಪರೀಕ್ಷಕರ ಶೇಷಕ್ಕೆ ಅದು ಹೊಂದಲಿಲ್ಲ. ಮೊದಲ ಪರೀಕ್ಷಕರ ಹೆಸರು ನೋಡಿದೆ. ಅವರು ಮುಂದಿನ ಕೋಣೆಯಲ್ಲಿ ಕಾಲುಚೀಲ ಹುಡುಕುತ್ತಿದ್ದರು.

ಮಾನ್ಯರೇ, ಬಳಗಕ್ಕೆ ಸೇರಿದಂದಿನಿಂದ ತನ್ನದೊಂದು ಲೆಕ್ಕವೂ ತಪ್ಪಿಲ್ಲ ಎಂಬುದು ವೆಂಡೆಲ್‌ನ ಏಕೈಕ ಜಂಬ. ನಮ್ಮ ಕಡೆಯ ಜನಕ್ಕೆ ಜಂಬ ಒಗ್ಗುವುದಿಲ್ಲ, ಹಾಗಾಗಿ ಇರುವ ಒಂದನ್ನು ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ.

"ನಿನ್ ಲ್ಯಾಪ್‌ಟಾಪ್ ಟೋಸ್ಟರ್ ಪಕ್ಕ ಇರುತ್ತೆ ಸಿಗ್ರಿಡ್. ಬ್ರೆಡ್ಡಿನ ಪುಡಿ ಒಳಗ್ ಹೋಗಿರ್ಬೇಕು," ಎಂದ.

"ನಿಂದು ಹಿಮ ತಳ್ಳೋ ಯಂತ್ರದ ಪಕ್ಕ ಇತ್ತು."

"ಅದ್ಯಾಕೆ ಲೆಕ್ಕ ತಪ್ಪಿಸುತ್ತೆ?"

"ಟೋಸ್ಟರ್ ಯಾಕೆ ತಪ್ಪಿಸುತ್ತೆ?"

ಇಷ್ಟೇ. ನಮ್ಮಲ್ಲಿ ಇದಕ್ಕಿಂತ ದೊಡ್ಡ ಜಗಳ ಆಗುವುದಿಲ್ಲ. ಇದಾದ ಮೇಲೆ ಇಬ್ಬರೂ ಒಬ್ಬರಿಗೊಬ್ಬರು ವಿಪರೀತ ಮರ್ಯಾದೆಯಿಂದ ಕಾಫಿ ಹಾಕಿಕೊಡುತ್ತೇವೆ, ಮತ್ತು ಅದು ಬಹಳ ಭಯಂಕರವಾಗಿರುತ್ತದೆ. ತೀರ್ಪು ಹೇಳಬೇಕಾದ ಮೂರನೆಯ ಪರೀಕ್ಷಕರು ಪೋಲೆಂಡಿನ ಬೋಗ್ದಾನ್ ಎಂಬ ನಿವೃತ್ತ ಟ್ರಾಂ ಚಾಲಕರು. ಅವರ ಲೆಕ್ಕ ಮುಗಿಯುವವರೆಗೆ ನಮ್ಮ ಮನೆಯಲ್ಲಿ ಹರಿದ ಕಾಫಿಯಲ್ಲಿ ಟ್ರಾಂ ತೇಲಿಸಬಹುದಿತ್ತು.

ಈ ನಡುವೆ ನನಗೊಂದು ನೆನಪಾಯಿತು. ಊಟದ ಹೊತ್ತಿಗೆ, ಮುಖವನ್ನು ಆದಷ್ಟು ಸಾದಾ ಇಟ್ಟುಕೊಂಡು, "ಆ ವರ್ಷ ಮಾರ್ಚಿನಲ್ಲಿ ನನ್ ತಮ್ಮನ ಮದುವೆಗೆ ಒಂದ್ ವಾರ ಫಾರ್ಗೋಗೆ ಹೋಗಿದ್ವಲ್ಲ," ಎಂದೆ. "ನೀನು ಕೋಟು ಬಿಚ್ಚಿ ತೋಳ್ ಮೇಲೆ ಹಾಕ್ಕೊಂಡಿದ್ದೆ. ಚರ್ಚಿನ ಸೂರಿಂದ ನೀರು ಸುರಿದು ಮದುಮಗಳ ಬೂಟು ಒದ್ದೆಯಾಗಿತ್ತು. ಅಷ್ಟು ಬಿಸಿಲು, ಇಲ್ಲೂ ಹಾಗೇ ಇತ್ತಂತೆ. ನೀನು ಹೊರಡೋ ಮುಂಚೆ ವೇಗ ಇಳಿಸಿದ್ಯಾ?"

ವೆಂಡೆಲ್ ಮುಳ್ಳುಚಮಚವನ್ನು ಕೆಳಗಿಟ್ಟ. "ಗ್ಯಾರೇಜ್ ಬಾಗಿಲು ಭದ್ರವಾಗಿ ಮುಚ್ಚಿದ್ದೆ," ಎಂದ.

ದಕ್ಷಿಣಕ್ಕೆ ಮುಖಮಾಡಿದ ಗ್ಯಾರೇಜು, ಮುಚ್ಚಿದ ಬಾಗಿಲು, ಏರಿಸಿದ ವೇಗ. ಊರಿನವರ ಮನೆಗಳಿಗೆಲ್ಲ ಹದವಾದ ಕಾವು ಕೂರಿಸಿಕೊಡುವ ಮನುಷ್ಯ ತಮ್ಮನ್ನು ಆ ವಾರವಿಡೀ ಹಬೆಯಲ್ಲಿ ಬೇಯಿಸಿದ್ದ. ನನಗೆ ಸಂತೋಷವಾಯಿತೇ ಎಂದು ಆಮೇಲೆ ನನ್ನನ್ನೇ ಕೇಳಿಕೊಂಡೆ. ಆಯಿತು, ಸ್ವಲ್ಪ ಆಯಿತು. ಆದರೆ ಅವನು ತಟ್ಟೆ ತೊಳೆಯುತ್ತ ನಿಂತ ರೀತಿ ನೋಡಿದಾಗ ಆ ಸಂತೋಷ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವನ ಶೇಷ ತಪ್ಪಾಗಿದ್ದರೆ, ಸರಿಯಾದ ಶೇಷ ಸೊನ್ನೆಯೂ ಆಗಿರಬಹುದಿತ್ತಲ್ಲವೇ? ಜೀವಮಾನವಿಡೀ ಹುಡುಕಿದ್ದು ಒಂದು ಚಳಿಗಾಲ ಅವನದೇ ಗ್ಯಾರೇಜಿನಲ್ಲಿದ್ದು, ಅವನೇ ಅದನ್ನು ಮಾಮೂಲಿ ಎಂದು ಕಳಿಸಿಬಿಟ್ಟಿರಬಹುದು. ಅವನನ್ನು ಅದರಿಂದ ಉಳಿಸಬಲ್ಲದ್ದು ನನ್ನ ಟೋಸ್ಟರ್ ಪಕ್ಕದ ಲೆಕ್ಕವೊಂದೇ. ಅದು ಸರಿಯಿರಲಿ ಎಂದು ನಾನು ಹಾರೈಸಿದ್ದು ಗೆಲ್ಲುವುದಕ್ಕೋ ಅವನಿಗಾಗಿಯೋ ಎಂಬುದನ್ನು ಈಗಲೂ ಖಚಿತವಾಗಿ ಹೇಳಲಾರೆ.

ಬೋಗ್ದಾನರ ಶೇಷ ಬಂತು. ಸೊನ್ನೆಯಲ್ಲ, ವೆಂಡೆಲ್‌ನದಕ್ಕೂ ಹೊಂದಲಿಲ್ಲ, ನನ್ನದಕ್ಕೂ ಹೊಂದಲಿಲ್ಲ.

ತಪ್ಪಿದ್ದಕ್ಕೆ ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಇನ್ನೆಲ್ಲೂ ಕಂಡಿಲ್ಲ. "ಮೂರ್ ಜನ, ಮೂರ್ ಉತ್ತರ!" ಎಂದು ವೆಂಡೆಲ್ ಕಾಲುಚೀಲದಲ್ಲೇ ಅಂಗಳಕ್ಕೆ ಓಡಿ ಅರ್ವಿಡ್‌ಗೆ ಕೂಗಿ ಹೇಳಿದ. "ಒಂದು ಪ್ರಶ್ನೆ, ಮೂರ್ ಉತ್ತರ, ಅದು ಲೆಕ್ಕ ಅಲ್ಲ ಕಣಯ್ಯ, ನಮ್ಮೂರ ಸಭೆ," ಎಂದು ಅರ್ವಿಡ್ ಬೇಲಿಯಾಚೆಯಿಂದ ಕೂಗಿದ. ವೆಂಡೆಲ್ ಒಳಗೆ ಬಂದು ಒದ್ದೆ ಕಾಲಿನಲ್ಲಿ ನಿಂತು, ಕಣ್ಣರಳಿಸಿ, "ಸಿಗ್ರಿಡ್, ನಾವ್ ಮೂವರೂ ತಪ್ಪಾಗಿದ್ರೆ? ಅದು ಸೊನ್ನೆನೇ ಆಗಿದ್ರೆ?" ಎಂದ.

"ಹಾಗಾದ್ರೆ ಕಂಡುಹಿಡಿದ ಹೆಸರು ನಾಲ್ಕನೆಯವ್ರಿಗೆ ಹೋಗುತ್ತೆ. ನಿನ್ ಕೈಯಲ್ಲಿದ್ದದ್ದು ಇನ್ಯಾರಿಗೋ," ಎಂದೆ. ಅವನು ಮರೆತಿರಬಹುದೆಂದು ಮೆಲ್ಲಗೇ ಹೇಳಿದೆ.

"ಹೋಗ್ಲಿ ಬಿಡು. ಅದು ಇರುತ್ತಲ್ಲ. ಒಂದ್ ಚಳಿಗಾಲ ನಮ್ ಗ್ಯಾರೇಜಲ್ಲಿತ್ತು ಅಂತ ನಮಗೆ ಗೊತ್ತಿರುತ್ತಲ್ಲ."

ಮಾನ್ಯರೇ, ಇಂಥ ಮನುಷ್ಯನಿಗೆ ತಾವು ಏನು ಮಾಡಿದಿರಿ ಎಂಬುದೇ ನನ್ನ ದೂರು. ನಾಲ್ಕನೆಯ ಪರೀಕ್ಷಕರು ನ್ಯೂಜಿಲೆಂಡಿನವರು, ಹೆಸರಿನ ಜಾಗದಲ್ಲಿ ಒಂದು ಹಕ್ಕಿಯ ಚಿತ್ರ ಹಾಕಿಕೊಂಡವರು. ಕಳೆದ ವಾರ ಅವರ ಶೇಷ ಬಂತು, ನನ್ನದಕ್ಕೆ ಕೊನೆಯ ಅಂಕಿಯವರೆಗೂ ಹೊಂದಿತು. ಬೋಗ್ದಾನರು ನನ್ನ ಕಂಪ್ಯೂಟರಿಗೂ ಈಗ ನನ್ನಷ್ಟೇ ಮರೆವು ಎಂದು ಬರೆದು ಕ್ಷಮೆ ಕೇಳಿದರು. ನಾನು ಸರಿಯಿದ್ದೆ. ವೆಂಡೆಲ್ ತಪ್ಪಿದ್ದರೂ ಏನನ್ನೂ ಕಳೆದುಕೊಂಡಿರಲಿಲ್ಲ. ತಾವು ಮೊದಲಿನಿಂದಲೂ ಮಾಮೂಲಿಯೇ ಆಗಿದ್ದಿರಿ.

ಮಾಮೂಲಿಯಾಗಿರುವುದು ಅಪರಾಧವಲ್ಲ, ನಾವೂ ಮಾಮೂಲಿಯೇ. ಆದರೆ ತಮ್ಮ ಗಾಂಭೀರ್ಯವನ್ನು ಎಷ್ಟು ಹೊಗಳಿದರೂ ಸಾಲದು. ತಮ್ಮನ್ನು ಭಾಗಿಸುವವರು ಯಾರೋ ಇದ್ದಾರೆ ಎಂಬುದು ಮೂರು ಮನೆಗಳ ವಿದ್ಯುತ್ತನ್ನು ಕುಡಿದ ಮೇಲೆ ಸಾಬೀತಾಗಿದೆ. ಯಾರು ಎಂಬುದನ್ನು ಮಾತ್ರ ತಾವು ಈವರೆಗೆ ಬಾಯಿಬಿಟ್ಟಿಲ್ಲ. ಇಂಥ ಗುಟ್ಟು ನಮ್ಮ ಚರ್ಚಿನ ನೆಲಮಾಳಿಗೆಯ ಕಾಫಿಕೂಟದಲ್ಲಿ ಒಂದು ಭಾನುವಾರವೂ ಉಳಿಯುತ್ತಿರಲಿಲ್ಲ. ಆದ್ದರಿಂದ ತಮ್ಮ ಘನತೆಗೆ ಕುಂದಾಗದಂತೆ ಒಬ್ಬನೇ ಒಬ್ಬ ಭಾಜಕನನ್ನು, ತೀರಾ ಚಿಕ್ಕವನಾದರೂ ಸರಿ, ನಮ್ಮ ಮನೆಗೆ ಕಳಿಸಿಕೊಡಬೇಕಾಗಿ ಕೋರುತ್ತೇನೆ. ಊಟ ಹಾಕಿ ಕಳಿಸುತ್ತೇವೆ. ಅದಾಗದಿದ್ದರೆ ತಮ್ಮಿಂದ ಇನ್ನೊಂದು ಒಂದನ್ನು ಕಳೆದುಕೊಂಡು ನೋಡಬಹುದೇ? ಆಗ ಸಮಸಂಖ್ಯೆಯಾಗಿ ಎರಡರಿಂದ ಭಾಗವಾಗಿಬಿಡುತ್ತೀರಿ, ಅರ್ವಿಡ್‌ಗೂ ಅರ್ಥವಾಗುತ್ತದೆ. ಇನ್ನು ತಮ್ಮ ಬಂಧುಗಳಲ್ಲಿ ನಿಜವಾದ ಅವಿಭಾಜ್ಯರು ಯಾರಾದರೂ ಇದ್ದರೆ, ಅವರು ಶಾಲೆಯ ರಜಾದಿನ ನೋಡಿಕೊಂಡು, ಹೊರಗೆ ಚೆನ್ನಾಗಿ ಹಿಮ ಬಿದ್ದಿರುವಾಗ, ಮುಂಬಾಗಿಲಿನಿಂದಲೇ ಬರಬೇಕೆಂದು ವಿನಂತಿ.

ತಮ್ಮ ಉತ್ತರಕ್ಕೆ ಕಾಯುವುದಿಲ್ಲ, ತಮಗೆ ಅವಸರವಿಲ್ಲವೆಂಬುದು ಅನುಭವದಿಂದ ತಿಳಿದಿದೆ.

ಯಾರಿಂದ ಭಾಗವಾದರೂ ಶೇಷ ಉಳಿಸಿಕೊಳ್ಳದೆ,
ತಮ್ಮ ವಿಶ್ವಾಸಿ,
ಸಿಗ್ರಿಡ್ ಹೌಗನ್

ಮರೆತ ಮಾತು: ಫಲಿತಾಂಶ ಬಂದ ಮರುದಿನ ನಾನು ಅಡುಗೆಮನೆಗೆ ಬಂದಾಗ ಟೋಸ್ಟರು ತನ್ನ ಜಾಗದಲ್ಲಿರಲಿಲ್ಲ. ವೆಂಡೆಲ್ ಅದನ್ನು ಲ್ಯಾಪ್‌ಟಾಪಿನಿಂದ ಆದಷ್ಟು ದೂರ, ಕಿಟಕಿಯ ಹತ್ತಿರ ಸರಿಸಿ, ಮೇಜಿನ ಮೇಲಿನ ಬ್ರೆಡ್ಡಿನ ಪುಡಿಯನ್ನೆಲ್ಲ ಒರೆಸಿಟ್ಟಿದ್ದ. "ಆ ವಾರ ಅದೊಂದೇ ಇರ್ಲಿಲ್ಲ ಸಿಗ್ರಿಡ್, ಪಕ್ಕದಲ್ಲಿ ಇನ್ನೂ ಮೂರಿದ್ವು," ಎಂದ. "ಅವನ್ನ ನಾನೇ ನೋಡೋ ಹಾಗಿಲ್ಲ. ನೀನು ನೋಡ್ತೀಯಾ?" ತಮ್ಮೊಂದಿಗೆ ಬೆವೆತ ಆ ಮೂವರು ಎಲ್ಲಿದ್ದರೂ ಅವರಿಗೆ ದಯವಿಟ್ಟು ತಿಳಿಸಿ: ಅವರು ಮಾಮೂಲಿಯೆಂದು ಇನ್ನೂ ಯಾರೂ ಎರಡನೆಯ ಸಲ ಹೇಳಿಲ್ಲ. ಆ ಮೂವರಲ್ಲಿ ಮೊದಲನೆಯವರು ನಿನ್ನೆ ಸಂಜೆಯೇ ನಮ್ಮ ಅಡುಗೆಮನೆಗೆ ಬಂದು ಕೂತಿದ್ದಾರೆ. ಈ ಸಲ ಅವಸರವಿಲ್ಲ, ಮತ್ತು ಕಿಟಕಿ ತೆರೆದಿದೆ.