ಹರಳಿಗೊಂದು ಆಕಾರ, ಆಕಾರಕ್ಕೊಂದು ತಕರಾರು

ಕಲ್ಲಿನೊಳಗೆ ಬೆಳಕನ್ನೂ, ಮನುಷ್ಯರೊಳಗೆ ಆ ಕಲ್ಲನ್ನು ತೊಡುವ ಆಸೆಯನ್ನೂ ಇಟ್ಟ ಭಗವಂತನಿಗೆ ಮೊದಲ ನಮಸ್ಕಾರ. ಕಾರವಾರದ ಪೇಟೆಯಲ್ಲಿ ನನ್ನದೊಂದು ಚಿಕ್ಕ ಚಿನ್ನದಂಗಡಿ. ಯಾರಿಗೆ ಯಾವ ಆಕಾರದ ಹರಳು ಹೊಂದುತ್ತದೆಂದು ಹೇಳುವುದು ನನ್ನ ಕೆಲಸ. ನಾನು ಒಂದು ಹೇಳುತ್ತೇನೆ, ಗಿರಾಕಿ ಒಂದು ಮಾಡುತ್ತಾರೆ, ದೇವರು ನಗಿಸುತ್ತಾನೆ. ಇದು ನಡೆಯುತ್ತಲೇ ಇರುತ್ತದೆ.

ಕಡಲಿನ ಹವಳ

ಮೀನು ಹಿಡಿಯುವವನೊಬ್ಬ ಹವಳದ ಉಂಗುರ ಮಾಡಿಸಲು ಬಂದ. ಬಲೆ ಎಳೆಯುವ ಕೈಗೆ ಗುಂಡಗಿನ ನುಣುಪು ಹವಳ, ಸುತ್ತ ಚಿನ್ನದ ಅಂಚು, ತಗ್ಗಾಗಿ ಕೂಡ್ರಿಸಿದರೆ ಒಳ್ಳೆಯದೆಂದೆ. ಅವನು ಒಪ್ಪಲಿಲ್ಲ. ಕುಜನಿಗೆ ತ್ರಿಕೋನವೇ ಆಗಬೇಕೆಂದು ಜೋಯಿಸರು ಹೇಳಿದ್ದರಂತೆ. ಮೂಲೆ ಚೂಪಾಗಿ, ಎತ್ತರಕ್ಕೆ ಎದ್ದು ಕಾಣುವ ಹಾಗೆ ಮಾಡಿಸಿಕೊಂಡು ಹೋದ.

ಮುಂದಿನ ವಾರವೇ ಬಂದ. ಉಂಗುರದ ಮೂಲೆಗೆ ಒಂದು ತುಂಡು ಬಲೆ ನೇತಾಡುತ್ತಿತ್ತು. ಬಲೆ ಬಿಡುವಾಗ ಉಂಗುರ ಸಿಕ್ಕಿಕೊಂಡು, ಇವನು ದೋಣಿಯಿಂದ ಅರ್ಧ ಆಚೆ ಹೋಗಿದ್ದನಂತೆ. ಜೊತೆಯವರು ಬಲೆ ಕೊಯ್ದು ಬಿಡಿಸಿದ್ದರು.

"ಶೇಟ್ರೆ, ಹವಳದ ತಪ್ಪಲ್ಲ," ಎಂದ. "ಅದರ ಮನೆ ಕಡಲಲ್ಲಿ. ಮನೆಗೆ ಹೊರಟಿತ್ತು, ನನ್ನನ್ನೂ ಊಟಕ್ಕೆ ಕರೀತು."

ತಡವಾದ ಗುರುಬಲ

ತೋಡೂರಿನ ಕಡೆಯ ಗುಮಾಸ್ತರೊಬ್ಬರು ಬಡ್ತಿಗಾಗಿ ತೋರುಬೆರಳಿಗೆ ಚೌಕಾಕಾರದ ಪುಷ್ಯರಾಗ ಹಾಕಿಸಿಕೊಂಡರು. ಹರಳು ಮೈಗೆ ತಾಗಬೇಕೆಂದು ಅಡಿಯನ್ನು ತೆರೆದೇ ಬಿಟ್ಟಿದ್ದೆ. ವರ್ಷ ಕಳೆದರೂ ಬಡ್ತಿ ಬರಲಿಲ್ಲ. ಚೌಕಕ್ಕಿಂತ ಅಂಡಾಕಾರ ಬೇಗ ಫಲ ಕೊಡುತ್ತದೆಯೇ ಎಂದು ಕೇಳಲು ಬಂದರು. ನೋಡಿದರೆ ಬೆರಳಲ್ಲಿ ಉಂಗುರವೇ ಇರಲಿಲ್ಲ, ಜೇಬಿನಲ್ಲಿತ್ತು.

ಗುರುವಿನ ಹರಳಿಗೆ ಮೀನು ಸೋಕಬಾರದು, ಅದಕ್ಕೆ ಮೀನು ತಿನ್ನುವ ದಿನ ತೆಗೆದಿಡುತ್ತೇನೆ ಎಂದರು. ಭಕ್ತಿ ಮೆಚ್ಚಿದೆ. ಮೀನು ಯಾವ್ಯಾವ ದಿನ ಎಂದು ವಿಚಾರಿಸಿದೆ. ಸೋಮವಾರ ಬಿಟ್ಟು ಎಲ್ಲಾ ದಿನ. ಗುರುವಾರ? ಗುರುವಾರ ಮಾವನ ಮನೆಯಲ್ಲಿ ಊಟವಂತೆ. ಮೀನು ಬೇಡವೆಂದರೆ ಅವರು ಬೇಸರ ಮಾಡಿಕೊಳ್ಳುತ್ತಾರಂತೆ.

ಆಕಾರ ಬದಲಿಸಬೇಕಾಗಿಲ್ಲ, ಕೆಲವು ದಿನ ಮೀನು ಬಿಟ್ಟು ನೋಡಿ ಎಂದೆ. ಅವರು ಜೇಬಿನಿಂದ ಉಂಗುರ ತೆಗೆದು ನನ್ನ ಮುಂದಿಟ್ಟರು.

"ಶೇಟ್ರೆ, ಹರಳು ವಾಪಸ್ ತಕ್ಕಂತ್ರಿ?"

ದಕ್ಷಿಣಕ್ಕೆ ನೋಡದ ಮಾಣಿಕ್ಯ

ಬೇಲೆಕೇರಿಗೆ ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲ. ಅಲ್ಲಿಯ ಹುಡುಗಿಗೆ ಕದ್ವಾಡದ ಹುಡುಗನೊಡನೆ ಮದುವೆ ಮಾತಾಗಿತ್ತು. ಹುಡುಗನ ತಾಯಿ ಸೊಸೆಗೆ ಪದಕ ಕೊಡಿಸಲು ಹುಡುಗಿಯನ್ನೂ ಅವಳ ತಾಯಿಯನ್ನೂ ಕರೆದುಕೊಂಡು ಬಂದರು. ಹುಡುಗಿಯ ಮನಸ್ಸು ಹನಿಯ ಆಕಾರದ ಒಂದು ಮಾಣಿಕ್ಯದ ಮೇಲೆ ಕೂತಿತು. ಬಣ್ಣಕ್ಕೂ ಕೊರಳಿಗೂ ಅದೇ ಸರಿ.

ಅತ್ತೆಯ ಮುಖ ಬಾಡಿತು. ನಮ್ಮ ಮನೆಯಿಂದ ಕೊಡುವ ಮೊದಲ ಹರಳೇ ಕಣ್ಣೀರಿನ ಹಾಗಿರಬೇಕೇ, ಗುಂಡಗಿನದು ತಕ್ಕೊಳ್ಳಲಿ ಎಂದರು. ಹುಡುಗಿ ಹರಳಿನ ಮೇಲಿಂದ ಕೈ ತೆಗೆಯಲಿಲ್ಲ. ಅವಳ ತಾಯಿ, ಉಳಿದ ಮಾತು ಇನ್ನೊಂದು ದಿನ ನೋಡುವ ಎಂದು ಎದ್ದರು. ಹಾಗೆ ಎದ್ದು ಮುರಿದ ಸಂಬಂಧಗಳನ್ನು ನಾನು ಕಂಡಿದ್ದೇನೆ.

ದೇವರನ್ನು ನೆನೆದು, ಹರಳಿನ ತುದಿ ಮೇಲೆ ಬರುವಂತೆ ಎತ್ತಿ ಹಿಡಿದೆ. "ಅಮ್ಮಾ, ಇದು ಕಣ್ಣೀರಲ್ಲ. ದೀಪದ ಕುಡಿ."

ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡರು. ಎಲ್ಲರೂ ಮತ್ತೆ ಕೂತೆವು. ಆಮೇಲೆ ಅವರು ನಿಧಾನಕ್ಕೆ, "ಆದ್ರೆ ಶೇಟ್ರೆ, ದೀಪ ದಕ್ಷಿಣಕ್ಕೆ ಮುಖ ಮಾಡೂಕಾಗ. ಇವಳ ತವರು ದಕ್ಷಿಣಕ್ಕೇ ಅದೆಯಲ್ಲ," ಎಂದರು.

ಈ ಸಲ ಹುಡುಗಿಯೇ ಬಾಯಿಬಿಟ್ಟಳು. "ಹೋಗೂವಾಗ ಬೆನ್ನಿಗೆ ಹಾಕ್ಕಂತೆ ಅತ್ತೆ, ಬರೂವಾಗ ಎದೆಗೆ ಹಾಕ್ಕಂತೆ."

ಅತ್ತೆ ಮನಸ್ಸಿನಲ್ಲೇ ದಿಕ್ಕು ತಿರುಗಿಸಿ ನೋಡಿ, ಹರಳನ್ನು ಪದಕಕ್ಕೆ ಕಟ್ಟಲು ಹೇಳಿದರು. ಮದುವೆಯೂ ಆಯಿತು.

ಕೆಲ ತಿಂಗಳ ಮೇಲೆ ದಕ್ಷಿಣಕ್ಕೆ ಹೊರಟ ಅಂಕೋಲೆಯ ಬಸ್ಸಿನಲ್ಲಿ ಅವಳನ್ನು ಕಂಡೆ. ಮಾಣಿಕ್ಯ ಬೆನ್ನ ಮೇಲೆ ಹೊಳೆಯುತ್ತಿತ್ತು. ಹಿಂದಿನ ಸೀಟಿನ ಅಜ್ಜಿ, ಸರ ತಿರುಗಿದೆಯೆಂದು ಸರಿಮಾಡಲು ಕೈ ಹಾಕಿದಳು.

"ಬೇಡ ಅಜ್ಜಿ," ಎಂದಳು ಹುಡುಗಿ. "ತವರು ಮುಟ್ಟೂವರೆಗೆ ಹಾಂಗೇ ಇರ್ಬೇಕು. ಅತ್ತೆಮನೆ ನೇಮ."

ಅಜ್ಜಿ ತಲೆದೂಗಿದಳು. ಬಸ್ಸು ಅಂಕೋಲೆ ಮುಟ್ಟುವಷ್ಟರಲ್ಲಿ ಅಜ್ಜಿಯ ಪದಕವೂ ಬೆನ್ನಿಗೆ ಬಂದಿತ್ತು.

ಇದನ್ನು ಕೇಳಿದ ನಿಮ್ಮೆಲ್ಲರನ್ನೂ, ಯಾವ ದಿಕ್ಕಿಗೆ ಮುಖ ಮಾಡಿ ಕೂತಿದ್ದರೂ, ದೇವರು ನಗುನಗುತ್ತ ಇಟ್ಟಿರಲಿ.