ಸುತಳಿ ಕಟ್ಟಿದ ಸೀಸೆ

"ನನ್ನೊಳಗ ರೋಗ ಹುಡುಕೋ ಗಂಡಸು ಇನ್ನೂ ಹುಟ್ಟಿಲ್ಲ, ತಿಳ್ಕೋ!"

ನರೋಣಾ ಬಸ್ ಸ್ಟ್ಯಾಂಡಿನ ಇಸ್ಮಾಯಿಲನ ಹೋಟೆಲಿನಲ್ಲಿ ಕುಳಿತು ದೌಲತರಾಯರು ಈ ಘೋಷಣೆ ಹೊರಡಿಸಿದಾಗ ಅವರ ಕೈಯಲ್ಲೊಂದು ಪೇಡಾ ಇತ್ತು, ಬಾಯಲ್ಲಿ ಇನ್ನೊಂದಿತ್ತು. ದೌಲತರಾಯರೆಂದರೆ ತೊಗರಿ ವ್ಯಾಪಾರಿ, ಹೊಲಮನೆಯ ಧಣಿ. ಊರಲ್ಲಿ ಏನೇ ನಡೆದರೂ ಮೊದಲು ಅವರ ಮೀಸೆ ಹಾಜರಾಗುತ್ತಿತ್ತು, ಹಿಂದಿನಿಂದ ಅವರು. ಈಗ ಗುಲಬರ್ಗಾದ ಡಾಕ್ಟರು ಊರ ಶಾಲೆಗೆ ಬಂದು ಸಕ್ಕರೆ ಕಾಯಿಲೆಯ ತಪಾಸಣೆ ಮಾಡುತ್ತಾರೆಂಬ ಸುದ್ದಿ ಬಂದಿತ್ತು. ಸೂಜಿ ಇಲ್ಲ, ರಕ್ತ ಇಲ್ಲ, ನೋವಿಲ್ಲ! ಮುಂಜಾನೆಯ ಮೂತ್ರವನ್ನು ಸೀಸೆಯಲ್ಲಿ ತಂದುಕೊಟ್ಟರೆ ಸಾಕು, ರೋಗ ಮೈಯಲ್ಲಿ ಮನೆ ಮಾಡುವ ಮೊದಲೇ ಸಿಕ್ಕಿಬೀಳುತ್ತದಂತೆ.

"ಎಲ್ಲಾರಕಿಂತ ಮೊದಲು ನಂದೇ ನೋಡ್ಲಿ! ಊರಿಗೇ ಧೈರ್ಯ ಬರ್ತದ," ಎಂದರು ದೌಲತರಾಯರು.

"ನಿಮ್ಮದು ನೋಡೂದೇನದರಿ ಸಾಹೇಬ್ರ," ಎಂದು ಇಸ್ಮಾಯಿಲ ಮೂರನೇ ಪೇಡಾ ಮುಂದಿಟ್ಟ.

ರೋಗ ಹುಡುಕುವ ಗಂಡಸು ಹುಟ್ಟಿಲ್ಲ ಎಂದದ್ದು ಅಕ್ಷರಶಃ ನಿಜವಾಯಿತು. ಬಂದವರು ಪ್ರಮಿಲಾ ಡಾಕ್ಟರು! ತಪಾಸಣೆಯ ಹಿಂದಿನ ದಿನ ಸಂಜೆಯೇ ಬಂದು ಶಾಲೆಯ ಅಂಗಳದಲ್ಲಿ ಜನರನ್ನು ಕೂಡಿಸಿ ಅವರು ರೋಗದ ಲಕ್ಷಣಗಳನ್ನು ಹೇಳತೊಡಗಿದರು. ಬಾಯಿ ಒಣಗುವುದು. ದೌಲತರಾಯರು ತುಟಿ ಸವರಿಕೊಂಡರು. ಬಿಂದಿಗೆಗಟ್ಟಲೆ ನೀರು ಕುಡಿಯುವುದು. ಅವರ ಕೈ ತಂಬಿಗೆಯಿಂದ ತಾನಾಗಿಯೇ ಹಿಂದೆ ಸರಿಯಿತು. ಪದೇ ಪದೇ ಒಂದಕ್ಕೆ ಓಡುವುದು. ಅಷ್ಟರಲ್ಲಿ ಅವರಿಗೆ ಓಡಲೇಬೇಕಾಗಿತ್ತು, ಆದರೆ ಊರೆಲ್ಲ ನೋಡುತ್ತಿತ್ತಲ್ಲ! ಕಾಲು ಬಿಗಿಹಿಡಿದು ಕುಳಿತರು.

ಮನೆಯಲ್ಲಿ ಹೆಂಡತಿ ಕಸ್ತೂರಿಬಾಯಿ ಔಷಧದ ಎರಡು ಖಾಲಿ ಸೀಸೆಗಳನ್ನು ಬೂದಿ ಹಚ್ಚಿ ತಿಕ್ಕಿ ತೊಳೆದಿಟ್ಟಿದ್ದಳು. ಎರಡೂ ಒಂದೇ ನಮೂನೆಯವು. ಗುರುತಿಗೆ ಗಂಡನ ಸೀಸೆಗೆ ತೊಗರಿ ಚೀಲ ಹೊಲಿಯುವ ಸುತಳಿ ಕಟ್ಟಿದಳು, ತನ್ನ ಸೀಸೆಗೆ ಕೆಂಪು ದಾರ.

"ಹೆಸರು ಬರದು ಅಂಟಿಸಬೇಕಂತ ಹೇಳ್ಯಾರಲ್ಲ?" ಎಂದರು ರಾಯರು.

"ಅಯ್ಯ ಶಿವನ! ನಿಮ್ಮ ಹೆಸರು ಒಂದಕ್ಕಿನ ಸೀಸಾದ ಮ್ಯಾಲ ಹಚ್ಚಲಿ ಏನ್ರಿ? ದಾರ ಸಾಕು."

ಗಂಡನ ಹೆಸರನ್ನು ಬಾಯಲ್ಲೂ ತರದ ಹೆಂಗಸು ಅವಳು. ಲಗ್ನದಲ್ಲೋ ಸೀಮಂತದಲ್ಲೋ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಪೀಡಿಸಿದರೆ ಒಡಪು ಕಟ್ಟಿ, ಅದರೊಳಗೆ ಹೆಸರನ್ನು ಸಿಕ್ಕಿಸಿ ಹೇಳುತ್ತಿದ್ದಳು, ಅಷ್ಟೇ.

ಬೆಳಗಾಯಿತು. ಇಬ್ಬರ ಸೀಸೆಗಳೂ ತುಂಬಿ ಬಚ್ಚಲಿನ ಗೂಡಿನಲ್ಲಿ ಅಕ್ಕಪಕ್ಕ ಕುಳಿತವು. ರಾಯರು ಬೇವಿನ ಕಡ್ಡಿ ಮುರಿದುಕೊಂಡು ಬರುವಷ್ಟರಲ್ಲಿ ಹೆಂಡತಿ ಎಮ್ಮೆ ಹಿಂಡಲು ಹಿತ್ತಿಲಿಗೆ ಹೋಗಿದ್ದಳು. ಬಚ್ಚಲಲ್ಲಿ ಯಾರೂ ಇಲ್ಲ, ಸಾಲುಗಟ್ಟಿದ ಇರುವೆಗಳನ್ನು ಬಿಟ್ಟರೆ. ಈ ಇರುವೆಗಳು ಕೆಲವು ತಿಂಗಳಿಂದ ಅಲ್ಲೇ ಠಿಕಾಣಿ ಹೂಡಿದ್ದವು. ಸಾಬೂನಿನ ವಾಸನೆಗೆ ಬಂದಿರಬೇಕೆಂದು ರಾಯರು ತೀರ್ಮಾನಿಸಿಬಿಟ್ಟಿದ್ದರು.

ಸೀಸೆಗಳನ್ನು ನೋಡಿದರು. ಹೆಂಡತಿ ಅರ್ಧ ರೊಟ್ಟಿ ತಿನ್ನುವ ಕಡ್ಡಿಯಂಥ ಜೀವ, ಬೆಲ್ಲ ಮುಟ್ಟುವವಳಲ್ಲ. ಅವಳಿಗೆಲ್ಲಿಯ ರೋಗ! ಒಂದು ವೇಳೆ ತನ್ನ ಸೀಸೆ ಏನಾದರೂ ಕೈಕೊಟ್ಟರೆ? ಇಸ್ಮಾಯಿಲನ ಹೋಟೆಲಿನಲ್ಲಿ ಯಾವ ಮುಖ ಇಟ್ಟುಕೊಂಡು ಕುಳಿತುಕೊಳ್ಳುವುದು? ಬೆರಳುಗಳು ತಮ್ಮಷ್ಟಕ್ಕೇ ಕೆಲಸಕ್ಕಿಳಿದವು. ಸುತಳಿ ಬಿಚ್ಚಿ ಆ ಸೀಸೆಗೆ, ಕೆಂಪು ದಾರ ಬಿಚ್ಚಿ ಈ ಸೀಸೆಗೆ! ಚೀಲ ಹೊಲಿದು ಪಳಗಿದ ಕೈ, ಗಂಟು ಕೂಡ ಮೊದಲಿನಂತೆಯೇ ಬಿತ್ತು. ರಾಯರು ಯುದ್ಧ ಗೆದ್ದವರ ಹಾಗೆ ಮುಖ ತೊಳೆದುಕೊಂಡರು.

ಶಾಲೆಯಲ್ಲಿ ಜಾತ್ರೆಯಷ್ಟು ಜನ. ಧಣಿಯಾದವನು ಅಂಥ ಸೀಸೆ ಹಿಡಿದು ನಡೆಯಲಾದೀತೆ? ಎರಡೂ ಸೀಸೆ ಕೈಚೀಲದಲ್ಲಿಟ್ಟುಕೊಂಡು ಕಸ್ತೂರಿಬಾಯಿ ಹೆಂಗಸರ ಸಾಲಿನಲ್ಲಿ ನಿಂತಳು, ರಾಯರು ಗಂಡಸರ ನಡುವೆ ಮೀಸೆ ತಿರುವುತ್ತ ನಿಂತರು. ಕಂಪೌಂಡರ್ ಅಬ್ದುಲ್ ಗನಿ ಮೇಜಿನ ಮೇಲೆ ಸ್ಪಿರಿಟ್ ದೀಪ ಹಚ್ಚಿ, ಗಾಜಿನ ನಳಿಗೆಯಲ್ಲಿ ನೀಲಿ ಔಷಧ ಹಾಕಿ ಜನರಿಗೆ ತಿಳಿಸಿ ಹೇಳುತ್ತಿದ್ದ.

"ಇದರಾಗ ಹನಿ ಹಾಕಿ ಕಾಸ್ತೇನಿ. ನೀಲೀನೇ ಉಳೀತಂದ್ರ ಪಾಸ್! ಹಸಿರಾದ್ರ ಹುಷಾರ್! ಇಟ್ಟಂಗಿ ಬಣ್ಣ ಬಂತಂದ್ರ ಹೊಟ್ಟ್ಯಾಗ ಸಕ್ಕರಿ ಕಾರ್ಖಾನೇನೇ ಅದ ಅಂತ ತಿಳ್ಕೋರಿ! ಹೂಂ, ಈ ಸುತಳಿ ಸೀಸಾ ಯಾರ್ದರಿ?"

"ನಮ್ಮನಿಯವರ್ದು," ಎಂದಳು ಕಸ್ತೂರಿಬಾಯಿ ಸೆರಗು ಎಳೆದುಕೊಂಡು.

"ಇಲ್ಲಿ ಬಂದವ್ರೆಲ್ಲಾ ನಮ್ಮನಿಯವರ್ದು ಅಂತಾರ್ರಿ. ಹೆಸರು ಹೇಳ್ರಿ, ಬರ್ಕೋಬೇಕು."

ಹೆಂಗಸರೆಲ್ಲ "ಒಡಪು! ಒಡಪು!" ಎಂದು ಗದ್ದಲವೆಬ್ಬಿಸಿದರು. ಕಸ್ತೂರಿಬಾಯಿ ನೆಲ ನೋಡುತ್ತ ಹೇಳಿದಳು:

"ತೊಗರಿ ಹೊಲದಾಗ ಹಳದಿ ಹೂವಿನ ಸಾಲ,
ದೌಲತರಾಯರು ಸಿಕ್ಕದ್ದು ನನ್ನ ಪುಣ್ಯದ ಪಾಲ!"

ಚಪ್ಪಾಳೆಯೋ ಚಪ್ಪಾಳೆ! ಪುಣ್ಯದ ಪಾಲು ಮೀಸೆಯನ್ನು ಇನ್ನಷ್ಟು ಮೇಲೆತ್ತಿತು. ಗನಿ ಸುತಳಿ ಸೀಸೆಯ ಹನಿ ಹಾಕಿ ಕಾಸಿದ. ನೀಲಿ ಬುಳುಬುಳು ಎಂದಿತು. ಹಸಿರಾಯಿತು. ಹಳದಿಯಾಯಿತು. ಅಲ್ಲಿಗೂ ನಿಲ್ಲಲಿಲ್ಲ. ಎಲ್ಲರ ಕಣ್ಣೆದುರಿಗೇ ಭಟ್ಟಿಯಿಂದ ಆಗ ತಾನೇ ತೆಗೆದ ಇಟ್ಟಂಗಿಯ ಬಣ್ಣಕ್ಕೆ ತಿರುಗಿತು!

"ಯಾ ಅಲ್ಲಾ!" ಎಂದ ಇಸ್ಮಾಯಿಲ.

ಕೆಂಪು ದಾರದ ಸೀಸೆಯದು ಕಾಸಿದಷ್ಟೂ ನೀಲಿ, ಶುದ್ಧ ಆಕಾಶನೀಲಿ!

ದೌಲತರಾಯರು ತಿರುವುತ್ತಿದ್ದ ಮೀಸೆಯನ್ನು ಬಿಟ್ಟುಬಿಟ್ಟರು. ಊರಿನವರು ಅವರ ರೋಗಕ್ಕೆ ಮರುಗುತ್ತಿದ್ದರು, ಅವರಿಗೆ ಅದರ ಖಬರೇ ಇಲ್ಲ. ಸುತಳಿ ಸೀಸೆಯಲ್ಲಿ ಇರುವುದು ಹೆಂಡತಿಯದು! ಅಂದರೆ ರೋಗ ಕಸ್ತೂರಿಗೆ! ಆ ಕಡ್ಡಿಯಂಥ ಜೀವಕ್ಕೆ! ತಾನು ಗಟ್ಟಿಮುಟ್ಟಾಗಿರುವ ಸಂತೋಷ ಎಲ್ಲೋ ಮೂಲೆಯಲ್ಲಿ ಇಣುಕಿತಾದರೂ ಅದನ್ನು ಅಲ್ಲಿಯೇ ಅದುಮಿಟ್ಟರು. ಆ ಕಡೆ ಕಸ್ತೂರಿಬಾಯಿಯ ಮುಖವೂ ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು. ಗಂಡನ ಚಿಂತೆ ಇರಬೇಕು, ಪಾಪ!

ಪ್ರಮಿಲಾ ಡಾಕ್ಟರು ರಾಯರನ್ನು ಕರೆದು ಹೇಳಿದರು: "ಗಾಬರಿ ಆಗಬ್ಯಾಡ್ರಿ, ಲಗೂ ಸಿಕ್ಕದ, ತಡ ಆಗಿಲ್ಲ. ಸಿಹಿ ಪೂರಾ ಬಂದ್. ಹಾಗಲಕಾಯಿ, ಮೆಂತ್ಯ ತಿನ್ರಿ. ಯಳ್ಳ ಅಮಾಸಿ ಮುಗಿದ ಮ್ಯಾಲ ಮತ್ತ ಬರ್ತೇನಿ, ಕಡಿಮಿ ಆಗದಿದ್ರ ಗುಳಗಿ ಶುರು ಮಾಡೋಣ."

ನಿಜ ಹೇಳಿಬಿಡಲೇ? ನಾಲಿಗೆಯ ತುದಿಗೆ ಬಂದಿತ್ತು. ಆದರೆ ದಾರ ಬದಲಿಸಿದ್ದು ಯಾಕೆಂದು ಊರು ಕೇಳಿದರೆ? ನಾಲಿಗೆ ಒಳಗೆ ಹೋಯಿತು. ಹೇಳದೆಯೇ ಹೆಂಡತಿಯನ್ನು ಕಾಪಾಡುತ್ತೇನೆಂದು ರಾಯರು ಶಪಥ ಮಾಡಿದರು.

ಶಪಥ ಆಶ್ಚರ್ಯಕರವಾಗಿ ಸುಲಭವಾಯಿತು. ತಮ್ಮ ತಟ್ಟೆಯ ಹಾಗಲಕಾಯಿ ಪಲ್ಯವನ್ನು ಹೆಂಡತಿಯ ತಟ್ಟೆಗೆ ಸರಿಸಿ, "ನೀನೂ ಜರಾ ತಿನ್ನು, ರಕ್ತಕ್ಕ ಛಲೋ," ಎಂದರೆ ಅವಳು ಒಂದು ಮಾತೂ ಎತ್ತದೆ ಗಬಗಬ ತಿಂದಳು. ಮೆಂತ್ಯದ ನೀರಿನ ಲೋಟ ಕೊಟ್ಟರೆ ಕಣ್ಣುಮುಚ್ಚಿ ಗುಟುಕರಿಸಿದಳು. ಅದಕ್ಕಿಂತ ವಿಚಿತ್ರ, ಗಂಡನ ಸಿಹಿ ಬಂದ್ ಮಾಡಬೇಕಾದವಳು ತಾನೇ ಅವರ ರೊಟ್ಟಿಯ ಕೆಳಗೆ ಬೆಲ್ಲದ ಹೆಂಟೆ ಬಚ್ಚಿಟ್ಟು ಬಡಿಸತೊಡಗಿದಳು!

"ಡಾಕ್ಟರ್ ಬ್ಯಾಡ ಅಂದಾರಲ್ಲ?"

"ಅವರಿಗೇನ್ ಗೊತ್ತರಿ? ನೀವು ತಿನ್ರಿ. ನಿಮಗೇನೂ ಆಗೂದಿಲ್ಲ."

ಆಹಾ, ಹೆಂಡತಿಯೆಂದರೆ ಹೀಗಿರಬೇಕು! ಯಳ್ಳ ಅಮಾಸಿಯ ಹಬ್ಬದ ದಿನ ಹೊಲದಲ್ಲಿ ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ ಎಲ್ಲರೂ ಉಣ್ಣಲು ಕುಳಿತರು. ಕಸ್ತೂರಿಬಾಯಿ ಸಜ್ಜೆ ರೊಟ್ಟಿ, ಕಾಯಿಪಲ್ಯದ ಭಜ್ಜಿ ಇಷ್ಟನ್ನೇ ತಿಂದು, ತನ್ನ ಪಾಲಿನ ಶೇಂಗಾ ಹೋಳಿಗೆಯನ್ನೂ ಗಂಡನ ಎಲೆಗೆ ಹಾಕಿ, ಮೇಲೆ ತುಪ್ಪ ಸುರಿದಳು. ರಾಯರು ಕರ್ತವ್ಯವೆಂದು ತಿಂದರು. ಹೆಂಡತಿಯ ಬಾಯಿಗೆ ಹೋಗುವ ಸಿಹಿಯನ್ನು ತಾವು ನುಂಗುವುದೂ ಒಂದು ಚಿಕಿತ್ಸೆಯಲ್ಲವೇ! ಸಾಲದ್ದಕ್ಕೆ ಇಸ್ಮಾಯಿಲನ ಹೋಟೆಲಿನ ಹಿಂದಿನ ಬೆಂಚಿನಲ್ಲಿ ಬೇರೆ ಕದ್ದು ಪೇಡಾ ಮುಕ್ಕುತ್ತಿದ್ದರು.

ಆದರೂ ರೋಗವಿಲ್ಲದ ರಾಯರ ಅಂಗಿ ದಿನದಿಂದ ದಿನಕ್ಕೆ ಜೋಲತೊಡಗಿತು. ಅಂಗಡಿಯಲ್ಲಿ ಎದ್ದು ನಿಂತರೆ ಕಣ್ಣು ಕತ್ತಲೆ. ಹೆಂಡತಿಯ ಚಿಂತೆಗೇ ಹೀಗಾಗುತ್ತಿದೆ ಎಂದುಕೊಂಡು ತಮ್ಮ ಪ್ರೀತಿಗೆ ತಾವೇ ಕಣ್ಣೀರು ತಂದುಕೊಂಡರು.

ಅಮಾಸಿ ಮುಗಿಯಿತು, ಡಾಕ್ಟರು ಗನಿಯೊಂದಿಗೆ ಮತ್ತೆ ಶಾಲೆಯ ಅಂಗಳಕ್ಕೆ ಬಂದರು, ಊರೂ ನೆರೆಯಿತು. ರಾಯರ ಜೋತ ಕೆನ್ನೆ ನೋಡಿದವರೇ ಗುಳಿಗೆಯ ಪೊಟ್ಟಣ ತೆಗೆದರು. "ದಿನಾ ಮುಂಜಾನಿ ಒಂದು ನುಂಗ್ರಿ."

ಕಸ್ತೂರಿಬಾಯಿ ಪಟಕ್ಕನೆ ಕೈ ಚಾಚಿದಳು. "ನನಗ ಕೊಡ್ರಿ. ನಾ ನುಂಗ್ತೇನಿ."

"ಹೌದ್ರಿ, ಆಕಿಗೇ ಕೊಡ್ರಿ! ಆಕೀನೇ ನುಂಗ್ಲಿ!" ಎಂದುಬಿಟ್ಟರು ರಾಯರು.

ಗಂಡ ಹೆಂಡತಿಯ ಮುಖ ನೋಡಿದ, ಹೆಂಡತಿ ಗಂಡನ ಮುಖ ನೋಡಿದಳು. ಪ್ರಮಿಲಾ ಡಾಕ್ಟರು ಪೊಟ್ಟಣವನ್ನು ಎದೆಗವಚಿಕೊಂಡು ಎದ್ದು ನಿಂತರು.

"ರೋಗ ಅವರಿಗೆ, ಗುಳಗಿ ನಿಮಗ? ತಲಿ ನೆಟ್ಟಗದ ಇಲ್ಲ ಇಬ್ಬರ್ದೂ? ರೋಗ ಇಲ್ಲದವ್ರು ಇದನ್ನ ನುಂಗಿದ್ರ ಸಕ್ಕರಿ ಇಳಿದು ನಿಂತಲ್ಲೇ ಬೀಳ್ತಾರ! ಜೀವಾನೇ ಹೋಗಬಹುದು!"

ಕಸ್ತೂರಿಬಾಯಿಯ ಕಣ್ಣಲ್ಲಿ ನೀರಾಡಿತು. "ರೋಗ ನಂದ್ರಿ ಅಕ್ಕಾರ. ಅವತ್ತು ಬಚ್ಚಲದಾಗ ನಾನೇ ದಾರ ಬದಲಿ ಮಾಡಿದ್ದೆ. ಸುತಳಿ ಸೀಸಾದಾಗ ಇದ್ದದ್ದು ನಂದು."

ರಾಯರು ಹೆಂಡತಿಯ ಕಡೆ ತಿರುಗಿದರು. "ನೀ... ಬದಲಿ ಮಾಡಿದ್ದ್ಯಾ? ಯಾವಾಗ?"

"ನೀವು ಬೇವಿನ ಕಡ್ಡಿ ಮುರಿಲಾಕ ಹೋದಾಗ್ರಿ."

"ಅಯ್ಯಯ್ಯೋ! ನೀ ಎಮ್ಮಿ ಹಿಂಡ್ಲಾಕ ಹೋದಾಗ ನಾನೂ ಬದಲಿ ಮಾಡೇನಲ್ಲ!"

ಡಾಕ್ಟರು ಒಂದು ಕ್ಷಣ ಬೆರಳಲ್ಲೇ ಗಂಟು ಬಿಚ್ಚಿ ಕಟ್ಟಿದಂತೆ ಮಾಡಿ ನೋಡಿದರು. "ಆಕಿ ಬದಲಿ ಮಾಡಿದ್ದನ್ನ ನೀವು ಮತ್ತ ಬದಲಿ ಮಾಡಿದ್ರಿ. ಅಂದ್ರ ಸುತಳಿ ತಿರುಗಿ ನಿಮ್ಮ ಸೀಸಾಕ್ಕೇ ಬಂತು. ಇಟ್ಟಂಗಿ ಬಣ್ಣ ನಿಮ್ದೇರಿ ರಾಯರ!"

ಈ ಸಲ ರಾಯರು ತಾವೇ ಸೀಸೆ ಹಿಡಿದು ಹೋದರು, ತಾವೇ ಎರಡೂ ಕೈಯಲ್ಲಿ ಹಿಡಿದು ತಂದರು. ಗನಿ ಕಾಸಿದ. ಹಸಿರು, ಹಳದಿ ಎಂದು ಸತಾಯಿಸದೆ ಬಣ್ಣ ನೇರ ಇಟ್ಟಂಗಿಗೇ ಹೋಯಿತು.

ಕಸ್ತೂರಿಬಾಯಿ ಹಣೆಗೆ ಕೈ ಹಚ್ಚಿ ನೆಲಕ್ಕೆ ಕುಸಿದಳು. "ಶಿವ ಶಿವಾ! ನಿಮಗ ಏನೂ ಇಲ್ಲಂತ ತಿಳಿದು ಬೆಲ್ಲ ತಿನ್ನಿಸಿದ್ನಲ್ರಿ! ಹೋಳಿಗಿ ತಿನ್ನಿಸಿದ್ನಲ್ರಿ! ನನ್ನ ಕೈಯಾರೆ ನಿಮಗ ವಿಷಾ ಉಣ್ಣಿಸಿದ್ನಲ್ರಿ!"

"ಮತ್ತ ನೀ ದಾರ ಬದಲಿ ಮಾಡಿದ್ದಾದ್ರೂ ಯಾಕ?" ರಾಯರು ಕೇಳಿದರು.

"ಬಚ್ಚಲ ತಿಕ್ಕಾಕಿ ನಾನ್ರಿ. ಇರುವಿ ಯಾರ ಬೆನ್ನಿಗೆ ಬರಾಕತ್ತಾವಂತ ನನಗ ತಿಳಿಯೂದಿಲ್ಲೇನು? ಆದ್ರ ನೀವು ಊರ ತುಂಬ ಸಾರಿ ಬಂದಿದ್ರಿ. ರೋಗ ನನ್ನ ಹೆಸರಿಗೆ ಬಂದ್ರ ನನಗೇನ್ರಿ? ನನ್ನ ಹೆಸರಿನ ಪಥ್ಯ ಮನ್ಯಾಗ ಮಾಡಿ ನಿಮಗೂ ಅದನ್ನೇ ಉಣ್ಣಿಸ್ತಿದ್ದೆ. ನಾಕು ಮಂದ್ಯಾಗ ನಿಮ್ಮ ಮಾನ ಉಳೀತಿತ್ತು. ಸುತಳಿ ಸೀಸಾದ್ದು ಇಟ್ಟಂಗಿ ಬಣ್ಣ ಆದಾಗ, ಇರುವಿ ನನಗೇ ಬರ್ತಿದ್ದುವೇನೋ ಅಂತ ತಿಳಿದೆ." ಸೆರಗಿನಿಂದ ಕಣ್ಣೊರೆಸಿಕೊಂಡು ಅವಳು ಗಂಡನನ್ನು ನೋಡಿದಳು. "ನೀವ್ಯಾಕ್ರಿ ಬದಲಿ ಮಾಡಿದ್ರಿ?"

ಡಾಕ್ಟರು ನೋಡುತ್ತಿದ್ದರು, ಇಸ್ಮಾಯಿಲ ನೋಡುತ್ತಿದ್ದ, ಊರೇ ನೋಡುತ್ತಿತ್ತು. ಇಷ್ಟು ನಾಚಿಕೆ ರಾಯರಿಗೆ ಹುಟ್ಟಿದಾರಭ್ಯ ಆಗಿರಲಿಲ್ಲ. ಮೀಸೆಯ ತುದಿ ತಾನಾಗಿ ಕೆಳಗಿಳಿಯಿತು.

"ನಾನೂ... ಅದಕ್ಕೇ."

"ಅದಕ್ಕೇ ಅಂದ್ರ?"

"ನನ್ನ ಮಾನ ಉಳೀಲಿ ಅಂತ."

ಕಸ್ತೂರಿಬಾಯಿ ಎದ್ದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ತೊಗರಿ ಹೊಲವಿಲ್ಲ, ಹಳದಿ ಹೂವಿಲ್ಲ, ಪುಣ್ಯದ ಪಾಲಂತೂ ಇಲ್ಲವೇ ಇಲ್ಲ, ಲಗ್ನವಾದಾಗಿನಿಂದ ಮೊದಲ ಸಲ ಶಾಲೆಯ ಹಂಚು ಹಾರುವಂತೆ ಕೂಗಿದಳು:

"ದೌಲತರಾಯಾ!"

ಗನಿ ಗಡಬಡಿಸಿ ಪೆನ್ನು ತೆಗೆದ. "ಹಾಂ ಅಮ್ಮಾರ, ಈಗ ಬರೋಬ್ಬರಿ ಕೇಳಿಸ್ತು, ಬರ್ಕೋತೇನ್ರಿ."